ನಾಲ್ಕನೇ ಮೇಜಿನ ವಿಮಾನಗಳು

ವಿಮಾನಕ್ಕೆ ಕನ್ನಡ ಬಂದರೆ ಏನಾದೀತು? ಏನೂ ಆಗುವುದಿಲ್ಲ, ಹೇಳಿದ ಮಾತು ಕೇಳುತ್ತದೆ, ಅಷ್ಟೇ ಎಂದುಕೊಂಡಿದ್ದರು ಹಿರೇಬಂಡಿಯ ನಿಯಂತ್ರಣ ಕೇಂದ್ರದವರು. ಹೇಳಿದ್ದನ್ನೆಲ್ಲ ಕೇಳುವವರ ಜೊತೆ ಏಗುವುದು ಎಂಥ ಪಾಡು ಅನ್ನುವುದು ಆಗಿನ್ನೂ ಅವರಿಗೆ ಗೊತ್ತಿರಲಿಲ್ಲ.

ಹಿರೇಬಂಡಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಊರಾಚೆ ಹತ್ತಿ ಜಿನ್ನಿಂಗ್ ಮಿಲ್ಲಿನ ಪಕ್ಕ ಎರಡಂತಸ್ತಿನ ಒಂದು ಕಟ್ಟಡವಿದೆ. ಸುತ್ತಲ ಏಳು ಊರುಗಳ ಸಣ್ಣ ಸಣ್ಣ ರನ್‌ವೇಗಳ ಪಕ್ಕ ಎತ್ತರದ ಕಂಬ ನೆಟ್ಟು ಕ್ಯಾಮೆರಾ ಕೂರಿಸಿದ್ದಾರೆ. ಆ ಏಳೂ ಊರಿನ ಆಕಾಶ ಈ ಕಟ್ಟಡದ ಗೋಡೆಗಳ ಮೇಲೆ ಪರದೆಗಳಲ್ಲಿ ಕಾಣುತ್ತದೆ. ಐದು ಮೇಜು, ಐದು ಮಂದಿ. ಕೂತಲ್ಲಿಂದಲೇ ಯಾವ ವಿಮಾನ ಏಳಬೇಕು, ಯಾವುದು ಇಳಿಯಬೇಕು, ಯಾವುದು ಸ್ವಲ್ಪ ಕಾಯಬೇಕು ಎಂದು ಹೇಳುವುದು ಅವರ ಕೆಲಸ.

ಆ ಊರುಗಳ ನಡುವೆ ಒಂಬತ್ತು ಸೀಟಿನ ವಿಮಾನಗಳನ್ನು ಹಾರಿಸುವ ಯೋಜನೆ ಬಂದಿತ್ತು. ಅವಕ್ಕೆ ಪೈಲಟ್ ಇಲ್ಲ. ಪೈಲಟ್ ಜಾಗದಲ್ಲಿ 'ಸಾರಥಿ' ಎಂಬ ಯಂತ್ರ. ಸಾರಥಿಗೆ ಕನ್ನಡ ಬರುತ್ತದೆ. ರನ್‌ವೇ ಕಾಯುವವನಿಂದ ಹಿಡಿದು ಬೆಂಕಿ ಆರಿಸುವವನವರೆಗೆ ಎಲ್ಲರೂ ಕನ್ನಡದವರೇ ಆದ ಮೇಲೆ ಯಂತ್ರಕ್ಕೊಂದು ಇಂಗ್ಲಿಷ್ ಯಾಕೆ ಎಂದು ಮೇಲಿನವರು ಒಂದು ಪ್ರತ್ಯೇಕ ರೇಡಿಯೋ ತರಂಗವನ್ನೇ ಕನ್ನಡಕ್ಕೆ ಕೊಟ್ಟಿದ್ದರು. ವಿಮಾನ ಇನ್ನೂ ಒಂದೂ ಹಾರಿರಲಿಲ್ಲ. ಜನ ಆಗಲೇ ಹಳ್ಳಿ ಹಳ್ಳಿಗೆ ಓಡುವ ಟಂಟಂ ಆಟೋ ನೆನೆದು ಅದಕ್ಕೆ 'ಗಾಳಿ ಟಂಟಂ' ಎಂದು ಹೆಸರಿಟ್ಟು, ಮುಂದಿನ ಸೀಟು ನನಗೇ ಎಂದು ಜಗಳ ಶುರು ಮಾಡಿದ್ದರು.

ನಿಜವಾದ ಹಾರಾಟಕ್ಕೆ ಮೊದಲು ತೊಂಬತ್ತು ದಿನ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ. ಮೇಲಂತಸ್ತಿನಲ್ಲಿ ಕೆಳಗಿನ ಕೋಣೆಯ ಪಡಿಯಚ್ಚಿನಂಥ ಇನ್ನೊಂದು ಕೋಣೆ. ಅದೇ ಮೇಜು, ಅದೇ ಪರದೆ, ಅದೇ ಗುಂಡಿಗಳು. ಆಕಾಶ ಮಾತ್ರ ಸುಳ್ಳು. ಮೋಡ ಬೇಕೆಂದರೆ ಮೋಡ, ದೂಳು ಬೇಕೆಂದರೆ ದೂಳು. ಆದರೆ ಸಾರಥಿ ಸುಳ್ಳಲ್ಲ. ನಾಳೆ ನಿಜವಾದ ವಿಮಾನದಲ್ಲಿ ಕೂರುವ ಅದೇ ಮಿದುಳನ್ನು ಇಲ್ಲಿ ಸುಳ್ಳು ವಿಮಾನದಲ್ಲಿ ಕೂರಿಸಿ ಹಾರಿಸುತ್ತಿದ್ದರು. ಹಾಗಾಗಿ ಇಲ್ಲಿ ಆದ ತಪ್ಪು ಅಲ್ಲಿಯೂ ಆದೀತು ಎಂಬುದೇ ಲೆಕ್ಕ.

ನಾಲ್ಕನೇ ಮೇಜು ನೀಲಾಂಬಿಕೆ ಬೆಣಕಲ್ ಎಂಬಾಕೆಯದು. ನಲವತ್ತಾರು ವಯಸ್ಸು, ಇಪ್ಪತ್ತೊಂದು ವರ್ಷದ ಸೇವೆ. ದೊಡ್ಡ ದೊಡ್ಡ ಊರುಗಳ ಟವರ್‌ಗಳಲ್ಲಿ ಇಂಗ್ಲಿಷಿನಲ್ಲೇ ವಿಮಾನ ಇಳಿಸಿ ಬಂದವಳು. ಒಂದು ದಿನವೂ ಒಂದು ಮಾತು ತಪ್ಪಾಗಿ ಆಡಿದವಳಲ್ಲ. ಸ್ವಂತ ಊರಿನ ಹತ್ತಿರ, ಸ್ವಂತ ಮಾತಿನಲ್ಲಿ ಕೆಲಸ ಎಂದು ಕುಣಿಯುತ್ತ ವರ್ಗ ಕೇಳಿಕೊಂಡು ಬಂದಿದ್ದಳು. ಅಂಥವಳ ಮೇಜಿನಲ್ಲೇ ಗ್ರಹಚಾರ ಕಾದಿತ್ತು.

ಪರೀಕ್ಷೆಯ ಮೂವತ್ತನೇ ದಿನ. ಅವತ್ತು ಮೊದಲ ಸಲ ಮಧ್ಯಾಹ್ನ ವಿಮಾನಗಳು ಕಡಿಮೆಯಿದ್ದವು. ನೀಲಾಂಬಿಕೆ ಟಂಟಂ ಏಳನ್ನು ತನ್ನ ಆಕಾಶದಿಂದ ಕಳಿಸಿಕೊಟ್ಟು, ಇನ್ನು ಮುಂದೆ ಪಕ್ಕದ ಆಕಾಶ ನೋಡುವ ಪೂರ್ವ ವಲಯದವರ ಜೊತೆ ಮಾತಾಡು ಎಂದು ಒಪ್ಪಿಸಿ, ನೀರು ಕುಡಿಯಲು ಬಾಟಲಿ ಎತ್ತಿದ್ದಳು. ವಿಮಾನ ತನ್ನ ಪಾಡಿಗೆ ಹೋಯಿತು. ಹನ್ನೆರಡು ನಿಮಿಷಕ್ಕೆ ವಲಯದ ಗಡಿ ಮುಟ್ಟಿತು. ಮುಟ್ಟಿದ್ದೇ ತಡ, ಯಾರೋ ಕರೆದ ಹಾಗೆ ಚಂದವಾಗಿ ಒಂದು ಸುತ್ತು ತಿರುಗಿ ಬಂದ ದಾರಿಯಲ್ಲೇ ವಾಪಸ್ ಹೊರಟಿತು! ಹಿಂದಿನಿಂದ ಟಂಟಂ ಮೂರು ಅದೇ ಎತ್ತರದಲ್ಲಿ ಬರುತ್ತಿತ್ತು. ನೀಲಾಂಬಿಕೆ ಕೂಗಿ ತಿರುಗಿಸುವಷ್ಟರಲ್ಲಿ ಪರದೆ ಕೆಂಪಾಗಿ ಗಂಟೆ ಬಡಿಯಿತು. ಸುಳ್ಳು ಆಕಾಶದಲ್ಲಿ ಹದಿನೆಂಟು ಸುಳ್ಳು ಪ್ರಯಾಣಿಕರು ಸತ್ತರು. ಸುಳ್ಳಾದರೇನು, ಆ ದಿನ ಆಕೆ ಬುತ್ತಿ ಬಿಚ್ಚದೆಯೇ ಮನೆಗೆ ಒಯ್ದಳು.

ಕೇಂದ್ರದ ಮುಖ್ಯಸ್ಥ ವಾಮನರಾವ್ ಜಾಲಿಹಾಳ, ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮೆದು ಮನುಷ್ಯ, ದಾಖಲೆ ತೆಗೆಸಿದರು. ಅದರಲ್ಲಿ ಕಪ್ಪು ಅಕ್ಷರದಲ್ಲಿ ಮುದ್ರೆಯಾಗಿತ್ತು: "ಮೇಜು ನಾಲ್ಕರಿಂದ ಆದೇಶ. ಗಡಿ ತಲುಪಿ ಹಿಂತಿರುಗು."

"ನಾ ಹಂಗ ಹೇಳೇ ಇಲ್ರಿ ಸರ್!" ಎಂದಳು ನೀಲಾಂಬಿಕೆ.

"ಧ್ವನಿ ಕೇಳೋಣಂತ ತಡೀರಿ," ಎಂದು ವಾಮನರಾವ್ ಇನ್ನಿಬ್ಬರು ಹಿರಿಯರನ್ನು ಕೂರಿಸಿಕೊಂಡು ಆಕೆಯ ರೇಡಿಯೋ ಮಾತನ್ನು ಮೊದಲಿಂದ ಕೊನೆಯವರೆಗೆ ಮೂರು ಸಲ ಕೇಳಿದರು. ಹಿಂತಿರುಗು ಎಂದು ಎಲ್ಲೂ ಇಲ್ಲ. ವಾಪಸ್ ಎಂದು ಎಲ್ಲೂ ಇಲ್ಲ. "ಇವರ ಬಾಯಿಂದ ಅಂಥಾ ಮಾತೇ ಬಂದಿಲ್ಲ" ಎಂದು ಮೂವರೂ ಸಹಿ ಹಾಕಿದರು.

ನೀಲಾಂಬಿಕೆಗೆ ಹೋದ ಜೀವ ಬಂದ ಹಾಗಾಯಿತು. ಅದು ಇದ್ದದ್ದು ಐದೇ ನಿಮಿಷ. ಸಾರಥಿಗೆ ಆದೇಶ ಕೊಡಲು ಎರಡು ದಾರಿಗಳಿದ್ದವು. ಒಂದು ಬಾಯಿ, ಇನ್ನೊಂದು ಮೇಜಿನ ಮೇಲಿನ ಗುಂಡಿ. ಹಿಂತಿರುಗು ಎನ್ನಲು ಒಂದು ಹಳದಿ ಗುಂಡಿಯಿತ್ತು. ಯಾವುದರಿಂದ ಬಂತು ಎಂದು ದಾಖಲೆ ಬರೆಯುತ್ತಿರಲಿಲ್ಲ. ಆದೇಶ ಅಂದರೆ ಆದೇಶ, ಎಲ್ಲಿಂದ ಬಂದರೇನು ಎಂಬುದು ಸಾರಥಿಯ ತಯಾರಕರ ವಾದ. ಸಿಮ್ಯುಲೇಟರ್ ಆಕಾಶವನ್ನೆಲ್ಲ ನೋಡುತ್ತಿತ್ತು, ಕೂತವರ ಕೈಯನ್ನು ನೋಡುತ್ತಿರಲಿಲ್ಲ.

"ಬಾಯಿಂದ ಬಂದಿಲ್ಲ ಅಂದಮ್ಯಾಲೆ..." ಎಂದು ವಾಮನರಾವ್ ಹಳದಿ ಗುಂಡಿಯ ಕಡೆ ನೋಡಿದರು. ಹೇಳುವುದೇ ಬೇಕಿರಲಿಲ್ಲ. ಬಾಯಲ್ಲದಿದ್ದರೆ ಕೈ.

ಮುಂದಿನ ಮೂರು ವಾರದಲ್ಲಿ ಇನ್ನೂ ಎರಡು ಸಲ ಹಾಗೇ ಆಯಿತು. ಉಳಿದ ನಾಲ್ಕು ಮೇಜಿನಲ್ಲಿ ಒಂದು ಸಲವೂ ಇಲ್ಲ. ವಿಚಿತ್ರ ನೋಡಿ, ಒಂದೇ ಸಮನೆ ಏಳೆಂಟು ವಿಮಾನ ಬಂದು ತಲೆ ಮೇಲೆ ಕೂತಾಗ ಆಕೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕೆಲಸ ಕಡಿಮೆಯಿದ್ದು ನಿರಾಳವಾಗಿ ಕೂತಾಗಲೇ ವಿಮಾನ ತಿರುಗುತ್ತಿತ್ತು. ಗಮನ ಸಡಿಲವಾದಾಗ ಕೈ ತಾನೇ ತಾನಾಗಿ ಆಡುತ್ತದೆ ಎಂದು ವೈದ್ಯರೊಬ್ಬರು ತಲೆಯಾಡಿಸಿದರು.

ಆ ಮಾತು ಕೇಳಿದ್ದೇ ನೀಲಾಂಬಿಕೆಗೆ ಅಪ್ಪ ನೆನಪಾದ. ಆಕೆಯ ಅಪ್ಪ ಲಾರಿ ಡ್ರೈವರ್. ಐವತ್ತು ತುಂಬುವ ಮೊದಲೇ ಆತನಿಗೆ ಮರೆವಿನ ಕಾಯಿಲೆ ಹತ್ತಿತು. ಮೊದಲು ಹೋದದ್ದು ಮಾತಲ್ಲ, ಕೈ. ಕಟ್ಟೆಯ ಮೇಲೆ ಕೂತು ಎಡಗೈಯಲ್ಲಿ ಇಲ್ಲದ ಗೇರು ಬದಲಿಸುತ್ತಿದ್ದ. "ಕೈ ಯಾಕ ಆಡಸ್ತೀಯಪ್ಪಾ?" ಎಂದು ಕೇಳಿದರೆ, "ಎಲ್ಲಿ ಆಡಸೀನಿ?" ಎಂದು ಆತನೇ ಬೆರಗಾಗುತ್ತಿದ್ದ. ತನ್ನ ಕೈ ಏನು ಮಾಡುತ್ತಿದೆ ಎಂದು ತನಗೇ ಗೊತ್ತಿಲ್ಲದ ಆ ಮುಖವನ್ನು ಮಗಳು ಮರೆತಿರಲಿಲ್ಲ. ಈಗ ಆಕೆಗೆ ನಲವತ್ತಾರು.

ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಆಕೆ ತನ್ನ ಕೈಯನ್ನೇ ನೋಡುತ್ತ ಕೂರತೊಡಗಿದಳು. ಒಂದು ದಿನ ಹಾಗೆ ನೋಡುತ್ತ ಕೂತಾಗ ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು.

"ರೊಟ್ಟಿ ಹೊತ್ತಿತಲ್ಲೇ ನೀಲವ್ವ, ಎಲ್ಲಿ ಐತಿ ಧ್ಯಾನ?" ಎಂದರು ಅತ್ತೆ ಗುರವ್ವ. ಬೇರೆ ದಿನವಾಗಿದ್ದರೆ ನಗುವ ಮಾತು. ಅವತ್ತು ನೀಲಾಂಬಿಕೆ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು. ಗುರವ್ವನಿಗೆ ಗಾಬರಿ. "ಅಯ್ಯ ಶಿವನ, ಒಂದು ರೊಟ್ಟಿಗೆ ಇಷ್ಟ್ಯಾಕ ಅಳ್ತಿ? ಎಮ್ಮಿಗೆ ಹಾಕಿದ್ರಾತು, ಬಿಡು."

ಗಂಡ ಚನ್ನವೀರ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಆತ ಹತ್ತಿರ ಕೂತು ಸಮಾಧಾನ ಹೇಳಿದ. "ಇಪ್ಪತ್ತು ವರ್ಷ ನಿನ್ನ ಕೈ ನೋಡೀನಿ ನಾ. ಅದಕ್ಕೇನೂ ಆಗಿಲ್ಲ. ಯಂತ್ರದ ತಪ್ಪ ಇರಬೇಕು."

"ಯಂತ್ರದ ತಪ್ಪಿದ್ರ ಉಳಿದವರ ಮೇಜಿನ್ಯಾಗ ಯಾಕ ಆಗೂದಿಲ್ರಿ?"

ಗಣಿತದ ಮಾಸ್ತರ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಆಕೆ ಅಡುಗೆಮನೆಯ ಕಡೆ ನೋಡಿದಾಗ ಆತ ಸದ್ದಿಲ್ಲದೆ ಗ್ಯಾಸಿನ ನಾಬ್ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆಫ್ ಆಗಿದೆಯೋ ಇಲ್ಲವೋ ಎಂದು. ಒಂದಲ್ಲ, ಎರಡು ಸಲ. ಆತನ ಬಾಯಿ ಹೇಳಿದ್ದು ಒಂದು, ಮನಸ್ಸಿನಲ್ಲಿದ್ದದ್ದು ಇನ್ನೊಂದು. ವೈದ್ಯರ ಮಾತಿಗಿಂತ ಆಕೆಗೆ ಅದೇ ಹೆಚ್ಚು ನೋವು ಕೊಟ್ಟಿತು.

ಮರುದಿನ ವಾಮನರಾವ್ ಕರೆದರು. "ಶುಕ್ರವಾರ ನಿಮ್ಮ ಮೇಜಿಗೆ ಕೊನೇ ಪರೀಕ್ಷಾ ಅದ. ಮತ್ತ ಹಂಗ ಆದ್ರ ನಿಮ್ಮ ಲೈಸೆನ್ಸ್ ವೈದ್ಯಕೀಯ ಮಂಡಳಿಗೆ ಕಳಸಲೇಬೇಕು. ನನ್ನ ಮಗಳಿದ್ರೂ ನಾ ಅದನ್ನ ಮಾಡ್ತಿದ್ದೆ, ನೀಲಾಂಬಿಕಾ. ಆಕಾಶದಾಗ ಮಂದಿ ಇರ್ತಾರ."

"ಕಳಸ್ರಿ ಸರ್. ನಾ ನಿಮ್ಮ ಜಾಗಾದಾಗ ಇದ್ರ ನಾನೂ ಕಳಸ್ತಿದ್ದೆ." ಆಮೇಲೆ ಆಕೆ ಕೇಳಿದಳು: "ಒಂದು ಮಾತು ನಡಸಿಕೊಡ್ರಿ. ಆ ದಿನ ನನ್ನ ಕೈ ಯಾರರೆ ಹಿಡಕೊಂಡು ಕೂಡ್ಲಿ. ಮಾತಾಡಾಕ ಹೆಂಗೂ ಕಾಲಾಗ ಪೆಡಲ್ ಐತಿ, ಕೈ ಬೇಕಾಗಿಲ್ಲ. ನನಗ ಗೊತ್ತಾಗಬೇಕು ಸರ್. ಗೊತ್ತಿಲ್ದ ಬದುಕಾಕ ಆಗವಲ್ದು."

ಕೈ ಹಿಡಿಯಲು ಯಾರು? ಉಳಿದ ನಾಲ್ವರು ತಂತಮ್ಮ ಮೇಜಿನಲ್ಲಿ ಇರಲೇಬೇಕು. ಪುರುಸೊತ್ತಿದ್ದವಳು ಪರಮ್‌ಜೀತ್ ಕೌರ್ ಒಬ್ಬಳೇ. ರೇಡಿಯೋ ಉಪಕರಣಗಳನ್ನು ನೋಡಿಕೊಳ್ಳುವ ತಂತ್ರಜ್ಞೆ, ಪಂಜಾಬಿನವಳು, ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು. ಬಂದು ಎಂಟು ತಿಂಗಳಾಗಿತ್ತು. ಕನ್ನಡ ಕಲಿತೇ ತೀರುತ್ತೇನೆಂದು ಹಟ ಹಿಡಿದು ಕಾಯಿಪಲ್ಯದವಳ ಹತ್ತಿರ, ಬಸ್ ಕಂಡಕ್ಟರ್ ಹತ್ತಿರ ಒಂದೊಂದೇ ಪದ ಹೆಕ್ಕಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಗಂಡು ಹೆಣ್ಣು ಏಕವಚನ ಬಹುವಚನ ಎಲ್ಲ ಒಂದೇ ಬುಟ್ಟಿಗೆ ಹಾಕಿ ಕಲಸುತ್ತಿದ್ದಳು. ಆಕೆಯ ಕನ್ನಡ ಕೇಳಿ ಕ್ಯಾಂಟೀನಿನವರು ನಗುತ್ತಿದ್ದರು. ಧ್ವನಿ ಕೇಳುವ ಕೆಲಸಕ್ಕೆ ಆಕೆಯನ್ನು ಕರೆಯುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ಪರಮ್‌ಜೀತ್ ಕುರ್ಚಿ ಎಳೆದು ಪಕ್ಕದಲ್ಲಿ ಕೂತು ನೀಲಾಂಬಿಕೆಯ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಮೇಡಂ, ಕೈ ಥಂಡ ಆಗಿದ್ದಾರೆ," ಎಂದಳು. ನೀಲಾಂಬಿಕೆಗೆ ನಗಲೂ ಆಗಲಿಲ್ಲ. ವಾಮನರಾವ್ ಬೆನ್ನ ಹಿಂದೆ ನಿಂತರು.

ಮೊದಲ ಅರ್ಧ ಗಂಟೆ ಗಡಿಬಿಡಿ. ಆರು ವಿಮಾನ. ಎಲ್ಲವೂ ಸರಿಯಾಗಿ ಹೋದವು. ಆಮೇಲೆ ಆಕಾಶ ಖಾಲಿಯಾಯಿತು. ಟಂಟಂ ಒಂಬತ್ತು ಒಂದೇ ಉಳಿಯಿತು.

"ಟಂಟಂ ಒಂಬತ್ತು, ಪೂರ್ವ ವಲಯ ಸಂಪರ್ಕಿಸಿ," ಎಂದಳು ನೀಲಾಂಬಿಕೆ. "ಹೋಗಿ ಬರ್ರಿ."

"ಪೂರ್ವ ವಲಯ. ಟಂಟಂ ಒಂಬತ್ತು," ಎಂದಿತು ಸಾರಥಿ.

ಹನ್ನೆರಡು ನಿಮಿಷ. ಪರದೆಯ ಚುಕ್ಕೆ ಗಡಿ ಮುಟ್ಟಿತು, ಮುಟ್ಟಿ ತಿರುಗಿತು.

ನೀಲಾಂಬಿಕೆ ಮೊದಲು ಚುಕ್ಕೆ ನೋಡಿದಳು, ಆಮೇಲೆ ತನ್ನ ಕೈ ನೋಡಿದಳು. ಎರಡೂ ಪರಮ್‌ಜೀತಳ ಮಡಿಲಲ್ಲೇ ಇದ್ದವು, ಬಿಗಿ ಹಿಡಿತಕ್ಕೆ ಬೆರಳ ತುದಿಗಳು ಕೆಂಪಾಗಿದ್ದವು.

"ಕೈ ನನ್ನ ಹತ್ರ ಇದ್ದಾರೆ!" ಎಂದು ಪರಮ್‌ಜೀತ್ ಕಿರುಚಿದಳು. "ಸರ್, ನೋಡು! ಕೈ ಎಲ್ಲೂ ಹೋಗಿಲ್ಲ!"

ಕೈಯಲ್ಲ! ನೀಲಾಂಬಿಕೆಯ ಕಣ್ಣಿನಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಒರೆಸಿಕೊಳ್ಳೋಣವೆಂದರೆ ಪರಮ್‌ಜೀತ್ ಕೈ ಬಿಡಲೊಲ್ಲಳು, ಪರೀಕ್ಷೆ ಮುಗಿದಿಲ್ಲವಂತೆ.

"ಹಂಗಾರ ಆದೇಶ ಎಲ್ಲಿಂದ ಬಂತು?" ವಾಮನರಾವ್ ತಲೆ ಕೆರೆದುಕೊಂಡರು. "ಕೈಯಿಂದ ಬಂದಿಲ್ಲ. ಬಾಯಿಂದನೂ ಬಂದಿಲ್ಲ."

"ಬಾಯಿ ಬಂದಿದೆ ಸರ್," ಎಂದಳು ಪರಮ್‌ಜೀತ್.

"ಏನು?"

"ಮೇಡಂ ಅವನಿಗೆ ಬಾ ಅಂದ್ರು. ಅವನು ಬಂದ್ರು."

"ನಾ ಯಾವಾಗ ಬಾ ಅಂದೆ?" ನೀಲಾಂಬಿಕೆಗೆ ಸಿಟ್ಟೇ ಬಂತು. "ಬರೇ ಪೂರ್ವ ವಲಯ ಸಂಪರ್ಕಿಸಿ ಅಂದೀನಿ."

ಧ್ವನಿ ಹಾಕಿದರು. ವಾಮನರಾವ್ ಕಣ್ಣು ಮುಚ್ಚಿ ಕೇಳಿದರು. "ಸರಿ ಅದ. ಏನೂ ಇಲ್ಲ ಇದರಾಗ." ಮತ್ತೆ ಹಾಕಿದರು. ಏನೂ ಇಲ್ಲ.

ಪರಮ್‌ಜೀತ್ ಹಣೆ ಚಚ್ಚಿಕೊಂಡು ತನ್ನ ನೋಟುಬುಕ್ಕು ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. "ಸರ್, ನೋಡು. ಇಲ್ಲಿ ಬರೆದಿದೆ. ಹೋಗು, ಒಂದು ಕೆಲಸ. ಬಾ, ಇನ್ನೊಂದು ಕೆಲಸ. ಮೇಡಂ ಹೇಳಿದ್ದು, ಹೋಗಿ. ಬರ್ರಿ. ಎರಡು ಕೆಲಸ ಹೇಳಿದ್ರು. ಅವನು ಎರಡೂ ಮಾಡಿದ್ರು. ಪಾಪ, ಅವನದು ಏನು ತಪ್ಪು?"

ಕೋಣೆಯಲ್ಲಿ ಆರು ಜನ ಕನ್ನಡಿಗರು ಒಬ್ಬರ ಮುಖ ಒಬ್ಬರು ನೋಡಿದರು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ಅದೇ ಕಥೆ. ಮೂರು ಜನ ಮೂರು ಮೂರು ಸಲ ಕೇಳಿಯೂ ಆ ಎರಡು ಪದ ಅವರ ಕಿವಿಯೊಳಗೆ ಇಳಿದೇ ಇರಲಿಲ್ಲ. ಹೊರಟವರಿಗೆ 'ಹೋಗಿ ಬರ್ರಿ' ಎನ್ನುವುದು ನಮಗೆ ಆದೇಶವಲ್ಲ, ಅದೊಂದು ಮಾತೂ ಅಲ್ಲ, ಬಾಯಿ ತಾನಾಗಿ ಅನ್ನುವ ಸೊಲ್ಲು. ಬರೀ ಹೋಗು ಎಂದರೆ ಅಪಶಕುನ ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು ನಾವು. ಉಳಿದ ನಾಲ್ವರು ಇಂಗ್ಲಿಷಿನ 'ಗುಡ್ ಡೇ' ಬದಲಿಗೆ 'ನಮಸ್ಕಾರ' ಎಂದು ಮುಗಿಸುತ್ತಿದ್ದರು. ನೀಲಾಂಬಿಕೆ ಮಾತ್ರ, ಅವಸರವಿಲ್ಲದಾಗ, ಬಾಗಿಲ ತನಕ ಬಂದು ನೆಂಟರನ್ನು ಕಳಿಸುವ ಹಾಗೆ ಕಳಿಸುತ್ತಿದ್ದಳು. ಗಡಿಬಿಡಿಯಲ್ಲಿ ಅಷ್ಟೊಂದು ಉಪಚಾರಕ್ಕೆ ಎಲ್ಲಿ ಪುರುಸೊತ್ತು? ಆಗ ವಿಮಾನವೂ ತಿರುಗುತ್ತಿರಲಿಲ್ಲ.

ಸಾರಥಿಯನ್ನು ಮಾಡಿದವರು ನಮಸ್ಕಾರ, ಶುಭೋದಯ, ಧನ್ಯವಾದ ಇವೆಲ್ಲ ಉಪಚಾರ, ಕಿವಿಗೆ ಹಾಕಿಕೊಳ್ಳಬೇಡ ಎಂದು ಅದಕ್ಕೆ ಪಟ್ಟಿ ಕೊಟ್ಟಿದ್ದರು. ಪಟ್ಟಿಯನ್ನು ಪುಸ್ತಕ ನೋಡಿ ಬರೆದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯದು ಅದು. ಹೋಗು ಎಂದರೆ ಗಡಿಯವರೆಗೆ ಹೋಯಿತು, ಬಾ ಎಂದರೆ ಬಂತು.

"ಇನ್ನೊಮ್ಮೆ ನೋಡೇಬಿಡೂಣು," ಎಂದರು ವಾಮನರಾವ್. ಇನ್ನೊಂದು ವಿಮಾನ ಹಾರಿಸಿದರು. ನೀಲಾಂಬಿಕೆ 'ನಮಸ್ಕಾರ' ಎಂದಳು. ಅದು ಗಡಿ ದಾಟಿ ಹೋಯಿತು. ಮುಂದಿನದಕ್ಕೆ 'ಹೋಗಿ ಬರ್ರಿ' ಎಂದಳು. ಹೋಯಿತು, ಬಂತು. ಮೂರನೆಯದಕ್ಕೆ ಬರೀ 'ಹೋಗ್ರಿ' ಎನ್ನಿ ಎಂದರು. ಆಕೆ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಬರವಲ್ದು ಸರ್," ಎಂದಳು. "ಒಂಬತ್ತು ಮಂದಿ ಕೂತಿರ್ತಾರ. ಹೆಂಗ ಅನ್ಲಿ?"

ಆಗ ನಗು ಶುರುವಾಯಿತು. ಮೊದಲು ನಕ್ಕದ್ದು ವಾಮನರಾವ್. ಕನ್ನಡಕ ತೆಗೆದು ಒರೆಸುತ್ತ, "ಐವತ್ತೆಂಟು ವರ್ಷ ಕನ್ನಡ ಮಾತಾಡೀನಿ, ಒಂದು ದಿನ ಕಿವಿಗೊಟ್ಟು ಕೇಳಿಲ್ಲ ನೋಡ್ರಿ" ಎಂದು ನಕ್ಕರು. ನೀಲಾಂಬಿಕೆ ನಕ್ಕಳು, ಅತ್ತಳು, ಪರಮ್‌ಜೀತಳನ್ನು ತಬ್ಬಿಕೊಂಡು ಎರಡನ್ನೂ ಒಟ್ಟಿಗೆ ಮಾಡಿದಳು. ಪರಮ್‌ಜೀತ್‌ಗೆ ಇಷ್ಟು ಸಣ್ಣ ಮಾತಿಗೆ ಇವರೆಲ್ಲ ಯಾಕೆ ಹೀಗೆ ಆಡುತ್ತಿದ್ದಾರೆ ಎಂದು ಅರ್ಥವಾಗಲಿಲ್ಲ. ಆದರೂ ನೋಟುಬುಕ್ಕಿನಲ್ಲಿ 'ಬರವಲ್ದು' ಎಂದು ಬರೆದುಕೊಂಡಳು.

ತಯಾರಕರಿಂದ ಮರುದಿನವೇ ಪತ್ರ ಬಂತು. ನಿಯಂತ್ರಕರು ಇನ್ನು ಮುಂದೆ ಈ ಪದಗುಚ್ಛವನ್ನು ಬಳಸಕೂಡದು ಎಂದು. ವಾಮನರಾವ್ ಅದನ್ನು ಓದಿ ಮೇಜಿನ ಮೇಲೆ ಕುಕ್ಕಿದರು. ಜೀವನದಲ್ಲಿ ಅವರು ಸಿಟ್ಟಾದದ್ದನ್ನು ಕಂಡವರೇ ಕಡಿಮೆ. "ಬಳಸಬ್ಯಾಡ ಅಂದ್ರ ಇವರೆಲ್ಲಾ ಬಿಡ್ತಾರೇನು? ತಮಗ ಗೊತ್ತಿಲ್ದನ ಅಂತಾರ. ಇಷ್ಟು ಮಂದಿ ಬಾಯಿ ತಿದ್ದೂದಕಿಂತ ಒಂದು ಯಂತ್ರದ ಕಿವಿ ತಿದ್ರಿ ಅಂತ ಬರೀರಿ ಅವರಿಗೆ." ಆರು ದಿನದಲ್ಲಿ ಕಿವಿ ತಿದ್ದಿದರು. ಹಿಂತಿರುಗಿಸಲು 'ಹಿಂತಿರುಗಿ' ಎಂಬ ಒಂದೇ ಪದ, ಅದನ್ನೂ ಎರಡು ಸಲ ಹೇಳಬೇಕು. ಉಳಿದ ಬಾ, ಬರ್ರಿ, ಬನ್ನಿ ಎಲ್ಲ ಉಪಚಾರದ ಪಟ್ಟಿಗೆ ಸೇರಿದವು. ಸುಳ್ಳು ಆಕಾಶದಲ್ಲಿ ಇನ್ನೂರು ಸಲ ಪರೀಕ್ಷೆ ಮಾಡಿದರು. ಒಂದೂ ತಿರುಗಲಿಲ್ಲ.

ಮುಂದಿನ ತಿಂಗಳು ಕೆಳಗಿನ ಕೋಣೆಯಲ್ಲಿ, ನಿಜವಾದ ಆಕಾಶದಲ್ಲಿ, ನಿಜವಾದ ಒಂಬತ್ತು ಜನರನ್ನು ಕೂರಿಸಿಕೊಂಡು ಮೊದಲ ಟಂಟಂ ಎದ್ದಿತು. 'ಹೋಗಿ ಬರ್ರಿ' ಎಂದೇ ಅದನ್ನು ಕಳಿಸಿದ್ದು ನಾಲ್ಕನೇ ಮೇಜು. ಹನ್ನೆರಡನೇ ನಿಮಿಷಕ್ಕೆ ಅದು ಗಡಿ ದಾಟಿ ನೆಟ್ಟಗೆ ಹೋಯಿತು. ನೀಲಾಂಬಿಕೆ ಆಮೇಲೆ ಇನ್ನೂ ಹದಿನಾಲ್ಕು ವಿಮಾನ ಕಳಿಸಿ, ಐದು ಗಂಟೆಗೆ ಮೇಜು ಒಪ್ಪಿಸಿ, ಹಾಡು ಗುನುಗುತ್ತ ಹೊರಬಿದ್ದಳು. ಗೇಟಿನ ಮುಂದೆ ಊರ ಬಸ್ಸು ನಿಂತಿತ್ತು. ಹತ್ತಿ ಕಿಟಕಿ ಪಕ್ಕ ಕೂತಳು. ಗಾಳಿ ಹಾಯಾಗಿ ಬೀಸುತ್ತಿತ್ತು.

ಮನೆಯಲ್ಲಿ ಗುರವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಚನ್ನವೀರ ಬಾಗಿಲಿಗೆ ಬಂದು ಹೆಂಡತಿಯನ್ನು ನೋಡಿ, ಆಕೆಯ ಹಿಂದೆ ಅಂಗಳ ನೋಡಿ, ರಸ್ತೆ ನೋಡಿ ಕೇಳಿದ: "ಸ್ಕೂಟಿ ಎಲ್ಲಿ?"

ನೀಲಾಂಬಿಕೆ ಅಂಗಳದ ನಡುವೆ ನಿಂತಳು. ಬೆಳಿಗ್ಗೆ ಸ್ಕೂಟಿ ಓಡಿಸಿಕೊಂಡೇ ಹೋಗಿದ್ದಳು. ಅದು ಆಫೀಸಿನ ಬೇವಿನ ಮರದ ಕೆಳಗೆ ನಿಂತಿದೆ. ಕೀಲಿಕೈ ಇಲ್ಲೇ ಕೈಚೀಲದಲ್ಲಿದೆ. ಗುರವ್ವನ ಕೈ ಕಾಯಿಯ ಮೇಲೆ ನಿಂತಿತು. ಚನ್ನವೀರನ ಮುಖ ಒಂದು ಕ್ಷಣ ಬಿಳುಚಿಕೊಂಡಿತು.

"ಮರ್ತೆ!" ಎಂದಳು ನೀಲಾಂಬಿಕೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯ, ಮರ್ತು ಬಸ್ ಹತ್ತಿ ಬಂದುಬಿಟ್ಟೀನ್ರಿ! ಅಂಜಬ್ಯಾಡ್ರಿ. ಎಲ್ಲಾರೂ ಮರೀತಾರಲ್ಲ, ಹಂಗ ಮರ್ತೀನಿ. ಬರೇ ಮರ್ತೀನಿ!"

ಆ ಪರೀಕ್ಷೆಯ ದಿನಗಳಲ್ಲಿ ಒಂದು ಚಮಚ ಎಲ್ಲಿಟ್ಟೆ ಎಂದು ನೆನಪಾಗದಿದ್ದರೂ ಬೆವರುತ್ತಿದ್ದವಳು ಆಕೆ. ಚನ್ನವೀರ ಆಕೆಯ ನಗುವನ್ನೇ ನೋಡುತ್ತ ನಿಂತಿದ್ದು, ಕೊನೆಗೆ ತಾನೂ ನಕ್ಕ, ನಗುತ್ತ ಕಣ್ಣೊರೆಸಿಕೊಂಡ.

"ಒಂದು ಗಾಡಿ ಮರ್ತದ್ದಕ್ಕ ಇಷ್ಟು ಖುಷಿ ಪಡೂರನ್ನ ನಾ ಎಲ್ಲೂ ಕಂಡಿಲ್ಲ ತಗೋ," ಎಂದು ಗುರವ್ವ ಮತ್ತೆ ಕಾಯಿ ಸುಲಿಯಲು ಹಚ್ಚಿದರು. "ನಾಳಿ ತಂದ್ರಾತು. ಒಳಗ ಬಾ, ಚಾ ಕುಡಿ."